ಚಿಂಕಾರಕ್ಕೆ ಮಾತು ಬರಲಿ, ರೆಕ್ಕೆ ಬೇಡ

ಬೀಳಗಿಯ ಶಿಕ್ಷಕಿಯೊಬ್ಬರ ಪತ್ರ: "ಎಂಟು ವರ್ಷದ ಶಿವಿ ಮತ್ತು ಒಂದು ಚಿಂಕಾರದ (ಜಿಂಕೆಯಂತೆ ಕಾಣುವ ಸಣ್ಣ ಹುಲ್ಲೆ) ಗೆಳೆತನದ ಕಾದಂಬರಿ ಬರೆದಿದ್ದೇನೆ. ಚಿಂಕಾರ ಮಾತಾಡುತ್ತದೆ, ಹಾರುತ್ತದೆ, ಬೇಕೆಂದಾಗ ಮಾಯವಾಗುತ್ತದೆ. ಆದರೂ ನಾಲ್ಕನೇ ಇಯತ್ತೆಯ ಮಕ್ಕಳು ಮೂರನೇ ಅಧ್ಯಾಯಕ್ಕೇ ಆಕಳಿಸುತ್ತಾರೆ. ಪುಟ 70, ಚಿತ್ರ 40. ಅಚ್ಚಿಗೆ ಕೊಡುವ ಮೊದಲು ಏನು ತಿದ್ದಲಿ?"

ಅಕ್ಕಾವ್ರೇ, ಆಕಳಿಕೆಗೆ ಕಾರಣ ಮಾಯೆ ಕಡಿಮೆಯಾದದ್ದಲ್ಲ, ಅತಿಯಾದದ್ದು. ಬೇಟೆಗಾರರು ಬೆನ್ನು ಹತ್ತಿದ ಕೂಡಲೇ ಚಿಂಕಾರ ಹಾರಿಹೋಗುತ್ತದೆ. ಹಾರಬಲ್ಲದ್ದಕ್ಕೆ ಇನ್ನು ಯಾರ ಅಂಜಿಕೆ? ಮಕ್ಕಳು ಈ ಲೆಕ್ಕವನ್ನು ನಮಗಿಂತ ಬೇಗ ಹಾಕುತ್ತಾರೆ. ಮಾತೊಂದನ್ನೇ ಉಳಿಸಿಕೊಳ್ಳಿ, ಅದಕ್ಕೂ ಒಂದು ಕಟ್ಟು ಹಾಕಿ: ನಸುಕಿನಲ್ಲಿ ಮಾತ್ರ, ಶಿವಿಯ ಕಿವಿಗೆ ಮಾತ್ರ. ಹೊತ್ತೇರಿದ ಮೇಲೆ ಬರುವ ಆಪತ್ತಿಗೆ ಆಗ ಹುಡುಗಿಯೇ ಬುದ್ಧಿ ಓಡಿಸಬೇಕಾಗುತ್ತದೆ. ಇನ್ನು "ನೀನೇಕೆ ಅಳುತ್ತಿರುವೆ?" ಎನ್ನುವ ಚಿಂಕಾರ ಬೀಳಗಿಯದಲ್ಲ. "ಯಾಕ ಅಳಾಕತ್ತಿ?" ಅನ್ನಲಿ.

ಮಾಯೆ ಒಂದೇ ಆದ ಮೇಲೆ ಉಳಿದದ್ದೆಲ್ಲ ಅಳತೆಗೆ ಸರಿಯಿರಬೇಕು. ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ನಿಮ್ಮ ತಾಲ್ಲೂಕಿನಲ್ಲೇ ಇದೆ, ಚಿತ್ರಗಾರರು ಬರೆದದ್ದು ಮಾತ್ರ ಚುಕ್ಕೆ ಜಿಂಕೆ! ಚಿಂಕಾರದ ಮೈಮೇಲೆ ಚುಕ್ಕೆಯಿಲ್ಲ. ಕೋಡು ಕವಲೊಡೆಯುವುದಿಲ್ಲ, ವರ್ಷವರ್ಷ ಉದುರುವುದೂ ಇಲ್ಲ. ಗಂಡಿನ ಕೋಡಿಗೆ ಉಂಗುರ ಉಂಗುರ ಗೆರೆ. ಹೆಣ್ಣಿನದು ಗಿಡ್ಡ, ತೆಳು. ಭುಜದೆತ್ತರ ಸುಮಾರು 65 ಸೆಂ.ಮೀ., ಶಿವಿಯ ಸೊಂಟಕ್ಕೆ ಬಂದೀತು. ತೂಕ 20–25 ಕಿಲೊ, ಅಂದರೆ ಹೆಚ್ಚುಕಡಿಮೆ ಶಿವಿಯಷ್ಟೇ. ಮುಖಪುಟದಲ್ಲಿ ಅವಳು ಅದರ ಮೇಲೆ ಸವಾರಿ ಹೊರಟಿದ್ದಾಳೆ, ದಯವಿಟ್ಟು ಇಳಿಸಿ. ಎಲೆಯ ತೇವದಲ್ಲೇ ಎಷ್ಟೋ ದಿನ ಕಳೆಯುವ ಪ್ರಾಣಿ ಇದು. ಹೊಂಡ ಬತ್ತಿದ ಮರುದಿನವೇ ಬಾಯಾರಿ ಬೀಳುವ ಐದನೇ ಅಧ್ಯಾಯ ನಿಲ್ಲುವುದಿಲ್ಲ. ಬದಲಿಗೆ ಇದನ್ನು ಬಳಸಿ: ಅಂಜಿದಾಗ ಅದು ಮುಂಗಾಲು ನೆಲಕ್ಕೆ ಬಡಿದು ಸೀನಿದಂತೆ ಸದ್ದು ಮಾಡುತ್ತದೆ. ಮಾತು ಕಟ್ಟಿದ ಹಗಲಿನಲ್ಲಿ ಶಿವಿಗೆ ಸಿಗುವ ಸನ್ನೆ ಅದೇ ಆಗಲಿ.

ಚಿತ್ರ 20 ಸಾಕು. ಈಗ ಶಿವಿಗೆ ಒಂದು ಪುಟದಲ್ಲಿ ಎರಡು ಜಡೆ, ಮುಂದಿನದರಲ್ಲಿ ಒಂದೇ. ಶಿವಿ, ಚಿಂಕಾರ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಮುಂದಿನಿಂದ, ಬದಿಯಿಂದ, ಹಿಂದಿನಿಂದ ಬರೆದ ಒಂದು ಹಾಳೆಯನ್ನು ಚಿತ್ರಗಾರರು ಮೊದಲು ಮಾಡಿಕೊಂಡು ಗೋಡೆಗೆ ಅಂಟಿಸಿಕೊಳ್ಳಲಿ.

ಪುಸ್ತಕ ಸಾಮಾನ್ಯವಾಗಿ 16 ಪುಟದ ಫಾರಂಗಳಲ್ಲಿ, ಅಂದರೆ ದೊಡ್ಡ ಹಾಳೆಯನ್ನು ಮಡಚಿ ಮಾಡಿದ ಕಟ್ಟುಗಳಲ್ಲಿ, ಅಚ್ಚಾಗುತ್ತದೆ. 70 ಪುಟಕ್ಕೆ ಐದನೇ ಫಾರಂ ಬೇಕು, ಅದರಲ್ಲಿ 10 ಪುಟ ಖಾಲಿ. 64ಕ್ಕೆ ಇಳಿಸಿದರೆ ನಾಲ್ಕೇ ಫಾರಂ. ಎಲ್ಲಕ್ಕೂ ಬಣ್ಣ ಹಾಕಿಸಿದರೆ ಖರ್ಚು ಕೈಮೀರುತ್ತದೆ. ಮೂರನೇ ಫಾರಂ, ಅಂದರೆ 33ರಿಂದ 48ನೇ ಪುಟ, ಮಾತ್ರ ಬಣ್ಣದಲ್ಲಿರಲಿ. ನಸುಕಿನ ದೊಡ್ಡ ಪ್ರಸಂಗ ಅಲ್ಲಿಗೇ ಬರುವಂತೆ ಅಧ್ಯಾಯ ಜೋಡಿಸಿ. ಉಳಿದ ಕಡೆ ಕಪ್ಪು ಗೆರೆಯ ಚಿತ್ರ. ಅಕ್ಷರ 14 ಪಾಯಿಂಟ್, ಸಾಲಿನ ಅಂತರ 20. ಇದಕ್ಕಿಂತ ಬಿಗಿಯಾದರೆ ಒತ್ತಕ್ಷರಗಳು ಕೆಳಸಾಲಿನ ತಲೆಕಟ್ಟಿಗೆ ತಾಗುತ್ತವೆ. ಅಂಚಿನವರೆಗೆ ಹೋಗುವ ಚಿತ್ರಕ್ಕೆ ಸುತ್ತ 3 ಮಿ.ಮೀ. ಹೆಚ್ಚು ಬಿಡಿಸಿ, ಕತ್ತರಿಸುವಾಗ ಬಿಳಿ ಗೆರೆ ಇಣುಕಬಾರದು.

ಎರಡು ಪುಟ ಹರಡುವ ಚಿತ್ರವನ್ನು 40–41ರಲ್ಲೇ ಇಡಿ. ಅದು ಫಾರಂನ ನಟ್ಟನಡುವೆ ಬರುವುದರಿಂದ ಎರಡೂ ಅರ್ಧ ಒಟ್ಟಿಗೇ ಅಚ್ಚಾಗುತ್ತವೆ, ದಾರದ ಹೊಲಿಗೆಯಾದರೆ ಪುಟ ಪೂರ್ತಿ ಅಗಲವಾಗಿ ತೆರೆದುಕೊಳ್ಳುತ್ತದೆ. ಆದರೂ ಚಿಂಕಾರದ ಮುಖ ಮಡಿಕೆಯ ಮೇಲೆ ಬೇಡ.