ಗಾಬರಿಯಾದಾಗ ತಲೆ ತೇಲುವುದೇಕೆ?

ಪ್ರಶ್ನೆ: ಗಾಬರಿಯಾದಾಗಲೆಲ್ಲ ತಲೆ ತೇಲಿದಂತಾಗಿ ಬೆರಳ ತುದಿ ಜುಮ್ಮೆನ್ನುತ್ತದೆ. ಮನಸ್ಸು ಕೆಟ್ಟರೆ ಮಿದುಳಿಗೆ ರಕ್ತ ಕಡಿಮೆಯಾಗುತ್ತದೆಯೇ?

ಉತ್ತರ: ಗಾಬರಿಯಲ್ಲಿ ಹೌದು, ಆದರೆ ಆಟವಾಡಿಸುವುದು ನಿಮ್ಮ ಉಸಿರು. ಮಿದುಳಿಗೆ ನಿಮಿಷಕ್ಕೆ ಸುಮಾರು 750 ಮಿಲಿಲೀಟರ್ ರಕ್ತ ಹರಿಯುತ್ತದೆ. ಉಸಿರಾಟ ಜೋರಾದಾಗ ಕಾರ್ಬನ್ ಡೈಆಕ್ಸೈಡ್ ಅಗತ್ಯಕ್ಕಿಂತ ಹೆಚ್ಚು ಹೊರಹೋಗುತ್ತದೆ. ಅದು ಇಳಿದರೆ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡಿನ ಒತ್ತಡ ಸಾಮಾನ್ಯವಾಗಿ 40 ಮಿ.ಮೀ. ಪಾದರಸದಷ್ಟು. ಒಂದೊಂದು ಮಿ.ಮೀ. ಇಳಿದಾಗಲೂ ಹರಿವು ಸುಮಾರು 3% ತಗ್ಗುತ್ತದೆ. 30ಕ್ಕೆ ಬಂದರೆ ಎಷ್ಟಾಯಿತೆಂದು ನೀವೇ ಲೆಕ್ಕ ಹಾಕಿ! ಗಾಳಿ ಸಾಲುತ್ತಿಲ್ಲವೆಂದು ಇನ್ನಷ್ಟು ಎಳೆದುಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು.

ಬೇಸರ, ಸಿಟ್ಟಿನ ಮಾತು ಬೇರೆ. ಅಲ್ಲಿ ಒಟ್ಟು ಹರಿವಿಗಿಂತ ಹಂಚಿಕೆ ಬದಲಾಗುತ್ತದೆ. ಚುರುಕಾದ ಭಾಗಕ್ಕೆ ರಕ್ತ ಹೆಚ್ಚು.

ತಲೆ ತೇಲಿದಾಗ ಮೊದಲು ಕುಳಿತುಕೊಳ್ಳಿ. ಮೂಗಿನಿಂದ 4 ಸೆಕೆಂಡು ಒಳಗೆ, 6 ಸೆಕೆಂಡು ಹೊರಗೆ, ಹೀಗೆ 5 ನಿಮಿಷ. ಎದೆಯಲ್ಲ, ಹೊಟ್ಟೆ ಏಳಬೇಕು. ದೊಡ್ಡ ಉಸಿರು ಬೇಡ, ನಿಧಾನದ ಉಸಿರು ಸಾಕು. ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಉಪಾಯ ಬಿಡಿ; ಅಸ್ತಮಾ, ಹೃದಯದ ತೊಂದರೆ ಇದ್ದವರಿಗೆ ಅದು ಅಪಾಯ.

ಮುಖ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಗಾಬರಿಯೆಂದು ಕಾಯುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.