ಒಂಟಾರಿಯೋದಲ್ಲಿ ಮೊದಲ ಇಂಟರ್‌ವ್ಯೂಗೆ ಹೋಗುವ ಮುನ್ನ

ನಿಮ್ಮ ಪತ್ರ ಓದಿದೆ. ಪಿ.ಆರ್. (ಕಾಯಂ ವಾಸದ ಅನುಮತಿ) ಸಿಕ್ಕಿ ಕೆನಡಾದ ಒಂಟಾರಿಯೋ ಪ್ರಾಂತ್ಯಕ್ಕೆ ಬಂದು ನಾಲ್ಕು ತಿಂಗಳು. ಹಿಂದೆ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ ಎಂಟು ವರ್ಷದ ದುಡಿಮೆ. ಹಾಕಿದ ಅರ್ಜಿಗಳಲ್ಲಿ ಕೊನೆಗೂ ಒಂದಕ್ಕೆ ಕರೆ ಬಂದಿದೆ, ಇಂಟರ್‌ವ್ಯೂ ಮುಂದಿನ ವಾರ. ಕೆನಡಾದ ಅನುಭವ ಇಲ್ಲವೆಂದು ತಳ್ಳಿಹಾಕುತ್ತಾರಾ, ನನ್ನ ಉಚ್ಚಾರ ಅರ್ಥವಾಗುತ್ತಾ, ಸಂಬಳ ಎಷ್ಟು ಕೇಳಲಿ ಎಂದು ಬರೆದಿದ್ದೀರಿ. ನಾನು ಇಲ್ಲಿ ನೆಲೆಸಿ ಬಹಳ ಕಾಲವಾಯಿತು. ಹಲವು ವರ್ಷಗಳಿಂದ ಪ್ರಶ್ನೆ ಕೇಳುವವರ ಸಾಲಿನಲ್ಲೇ ಕೂರುತ್ತಿದ್ದೇನೆ. ಆ ಕಡೆಯಿಂದ ಕಂಡದ್ದನ್ನು ಹೇಳುತ್ತೇನೆ.

ಒಂದು ಮಾತು ಮೊದಲೇ ಗೊತ್ತಿರಲಿ: ನಮ್ಮ ಮುಂದೆ ಅಂಕಪಟ್ಟಿ ಇರುತ್ತದೆ. ದೊಡ್ಡ ಕಂಪನಿಗಳಲ್ಲಿ, ಆಸ್ಪತ್ರೆಗಳಲ್ಲಿ, ನಗರಸಭೆ ಮತ್ತು ಸರ್ಕಾರಿ ಕೆಲಸಗಳಲ್ಲಿ ಎಲ್ಲ ಅಭ್ಯರ್ಥಿಗಳಿಗೂ ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳುವುದು ಸಾಮಾನ್ಯ. ನೀವು ಮಾತಾಡುತ್ತಿದ್ದಂತೆ ನಾವು ಬರೆದುಕೊಳ್ಳುತ್ತೇವೆ, ಆಮೇಲೆ ಪ್ರತಿ ಉತ್ತರಕ್ಕೂ ಅಂಕ ಹಾಕುತ್ತೇವೆ. ತಲೆ ಎತ್ತದೆ ಬರೆಯುತ್ತಿದ್ದರೆ ಅದು ಅಸಡ್ಡೆಯಲ್ಲ. ನಿಮ್ಮ ಮಾತು ಕಾಗದಕ್ಕೆ ಇಳಿಯುತ್ತಿದೆ ಎಂದೇ ಅರ್ಥ. ಬಾಯಿಬಿಟ್ಟು ಹೇಳದ್ದಕ್ಕೆ ಅಂಕ ಕೊಡುವ ಹಾಗಿಲ್ಲ. 'ರೆಸ್ಯೂಮೆಯಲ್ಲಿ ಇದೆಯಲ್ಲ, ಮತ್ತೆ ಯಾಕೆ ಹೇಳಲಿ' ಎಂದು ಬಿಟ್ಟರೆ ಆ ಸಾಲು ಖಾಲಿ ಉಳಿಯುತ್ತದೆ. ನಿಜಕ್ಕೂ ಕೆಲಸ ಬಲ್ಲವರು ಈ ಒಂದು ಕಾರಣಕ್ಕೆ ಹಿಂದೆ ಬೀಳುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಗಾಗಿ ಉತ್ತರಗಳನ್ನು ಉರು ಹೊಡೆಯಬೇಡಿ, ಪ್ರಸಂಗಗಳನ್ನು ಹೊಂದಿಸಿಕೊಳ್ಳಿ. ಕೆಲಸದ ಜಾಹೀರಾತನ್ನು ಮುದ್ರಿಸಿಕೊಂಡು ಅವರು ಏನೇನು ಬಯಸಿದ್ದಾರೋ ಅದಕ್ಕೆಲ್ಲ ಗೆರೆ ಎಳೆಯಿರಿ. ಪ್ರತಿ ಗೆರೆಯ ಎದುರು ನಿಮ್ಮ ಎಂಟು ವರ್ಷಗಳಲ್ಲಿ ನಡೆದ ಒಂದು ಘಟನೆಯ ಹೆಸರು ಬರೆಯಿರಿ. ಆರೇಳು ಗಟ್ಟಿ ಘಟನೆಗಳಿದ್ದರೆ ಸಾಕು, ಒಂದೊಂದನ್ನು ಎರಡು ಮೂರು ಪ್ರಶ್ನೆಗಳಿಗೆ ತಿರುಗಿಸಿ ಹೇಳಬಹುದು. ಇಲ್ಲಿನ ಪ್ರಶ್ನೆಗಳು ಹೆಚ್ಚಾಗಿ 'ಇಂಥ ಸಂದರ್ಭದಲ್ಲಿ ನೀವು ಏನು ಮಾಡಿದಿರಿ, ಒಂದು ಉದಾಹರಣೆ ಕೊಡಿ' ಎಂಬ ರೀತಿಯವು. 'ನಾನಾಗಿದ್ದರೆ ಹೀಗೆ ಮಾಡುತ್ತೇನೆ' ಎಂಬ ಉತ್ತರ ಎಷ್ಟೇ ಚೆನ್ನಾಗಿದ್ದರೂ ಇಂಥ ಪ್ರಶ್ನೆಗೆ ಪೂರ್ತಿ ಅಂಕ ಸಿಗುವುದಿಲ್ಲ.

ಹೇಳುವುದಕ್ಕೆ ಸ್ಟಾರ್ ಎಂಬ ಕ್ರಮವನ್ನು ಎಲ್ಲರೂ ಹೇಳಿಕೊಡುತ್ತಾರೆ: ಸನ್ನಿವೇಶ, ನಿಮ್ಮ ಪಾಲಿನ ಹೊಣೆ, ನೀವು ಮಾಡಿದ್ದು, ಆದ ಫಲ. ಕ್ರಮ ಒಳ್ಳೆಯದೇ. ಆದರೆ ಬಹಳ ಮಂದಿ ಸನ್ನಿವೇಶದಲ್ಲೇ ಮುಕ್ಕಾಲು ಸಮಯ ಕಳೆಯುತ್ತಾರೆ. ಕಂಪನಿ ಎಷ್ಟು ದೊಡ್ಡದು, ಎಷ್ಟು ಯಂತ್ರಗಳಿದ್ದವು, ಯಾರ ಕೈಕೆಳಗೆ ಯಾರು ಎಂಬ ವಿವರಕ್ಕೆ ಅಂಕವಿಲ್ಲ. ಅದನ್ನು ಎರಡು ವಾಕ್ಯದಲ್ಲಿ ಮುಗಿಸಿ. ಉದಾಹರಣೆಗೆ, ರಾತ್ರಿ ಪಾಳಿಯಲ್ಲಿ ರಿಜೆಕ್ಷನ್, ಅಂದರೆ ತಿರಸ್ಕರಿಸಿದ ತುಂಡುಗಳ ಪ್ರಮಾಣ, ಏರುತ್ತಿತ್ತು ಎಂದಿಟ್ಟುಕೊಳ್ಳಿ. 'ಸಮಸ್ಯೆ ಬಂತು, ತಂಡದವರೆಲ್ಲ ಸೇರಿ ಬಗೆಹರಿಸಿದೆವು' ಎಂದರೆ ನನ್ನ ಪೆನ್ನು ಅಲ್ಲಾಡುವುದಿಲ್ಲ. 'ಎರಡೂ ಪಾಳಿಯ ಅಳತೆಗಳನ್ನು ನಾನು ಪಕ್ಕಪಕ್ಕ ಇಟ್ಟು ನೋಡಿದೆ. ಒಂದೇ ತುಂಡನ್ನು ಎರಡು ಗೇಜ್‌ಗಳಲ್ಲಿ (ಅಳತೆಯ ಸಾಧನ) ಅಳೆಸಿದೆ. ರಾತ್ರಿಯ ಗೇಜ್ ತಪ್ಪು ತೋರಿಸುತ್ತಿತ್ತು. ರವಾನೆಗೆ ಸಿದ್ಧವಿದ್ದ ಲಾಟ್ ತಡೆಹಿಡಿಯಲು ಹೇಳಿದೆ, ಮ್ಯಾನೇಜರ್ ಒಪ್ಪಲಿಲ್ಲ, ಅಳತೆಗಳನ್ನು ತೋರಿಸಿ ಒಪ್ಪಿಸಿದೆ' ಎಂದರೆ ನಾನು ಬಿಡದೆ ಬರೆಯುತ್ತೇನೆ. ಅದರಲ್ಲಿ ಯೋಚನೆಯಿದೆ, ಪರೀಕ್ಷೆಯಿದೆ, ಮೇಲಿನವರ ಎದುರು ನಿಂತ ಧೈರ್ಯವಿದೆ. ಕೊನೆಗೆ ಫಲ: ರಿಜೆಕ್ಷನ್ ಎಷ್ಟಿದ್ದದ್ದು ಎಷ್ಟಕ್ಕೆ ಇಳಿಯಿತು, ಆ ದೋಷ ಮರುಕಳಿಸದಂತೆ ಯಾವ ವ್ಯವಸ್ಥೆ ಮಾಡಿದಿರಿ. ಅಂಕಿ ನೆನಪಿದ್ದರೆ ಹೇಳಿ, ಇಲ್ಲದಿದ್ದರೆ ಹುಟ್ಟಿಸಬೇಡಿ. ಮುಂದಿನ ಪ್ರಶ್ನೆ 'ಅದನ್ನು ಹೇಗೆ ಅಳೆದಿರಿ' ಎಂದೇ ಬರುತ್ತದೆ.

ಎರಡು ಪ್ರಸಂಗಗಳನ್ನು ಮಾತ್ರ ತಪ್ಪದೆ ಸಿದ್ಧಮಾಡಿ. ಒಂದು, ಸಹೋದ್ಯೋಗಿಯ ಅಥವಾ ಮೇಲಧಿಕಾರಿಯ ಜೊತೆ ಭಿನ್ನಾಭಿಪ್ರಾಯ ಬಂದದ್ದು. ಇನ್ನೊಂದು, ನೀವು ಕೈಗೊಂಡ ಕೆಲಸ ಕೈಕೊಟ್ಟದ್ದು. ಹಿರಿಯರನ್ನು ದೂರಿದಂತಾಗುತ್ತದೆ ಎಂಬ ಸಂಕೋಚಕ್ಕೆ 'ನನಗೆ ಯಾರೊಂದಿಗೂ ಜಗಳ ಬಂದಿಲ್ಲ' ಎನ್ನುವವರಿದ್ದಾರೆ. ಕೇಳುವವರಿಗೆ ಜಗಳ ಬೇಕಾಗಿಲ್ಲ. ಒಪ್ಪದಿದ್ದಾಗ ನೀವು ಸುಮ್ಮನಾಗುತ್ತೀರೋ, ಮಾತಾಡುತ್ತೀರೋ ಎಂದು ತಿಳಿಯಬೇಕು. ಸಿದ್ಧವಾದ ಪ್ರಸಂಗಗಳನ್ನು ಗಟ್ಟಿಯಾಗಿ ಹೇಳಿ ರೆಕಾರ್ಡ್ ಮಾಡಿ ಕೇಳಿ. ಒಂದೊಂದಕ್ಕೆ ಎರಡು ನಿಮಿಷ ಸಾಕು.

ನಿಮ್ಮ ಕ್ಷೇತ್ರದಲ್ಲಿ ಸುರಕ್ಷತೆಯ ಪ್ರಶ್ನೆ ಬಂದೇ ಬರುತ್ತದೆ ಎಂದುಕೊಳ್ಳಿ. 'ಉತ್ಪಾದನೆ ಹಿಂದೆ ಬಿದ್ದಿದೆ, ಸೂಪರ್‌ವೈಸರ್ ಯಂತ್ರದ ಗಾರ್ಡ್ (ರಕ್ಷಣಾ ಕವಚ) ತೆಗೆದು ಓಡಿಸಿ ಎನ್ನುತ್ತಾರೆ, ಏನು ಮಾಡುತ್ತೀರಿ?' ಎಂಬಂಥದ್ದು. ಒಂಟಾರಿಯೋದ ಔದ್ಯೋಗಿಕ ಆರೋಗ್ಯ ಮತ್ತು ಸುರಕ್ಷತಾ ಕಾಯ್ದೆ ಪ್ರಕಾರ ಅಪಾಯದ ಕೆಲಸವನ್ನು ನಿರಾಕರಿಸುವ ಹಕ್ಕು ಕಾರ್ಮಿಕರಿಗಿದೆ. ಇದನ್ನು ತಿಳಿದು ಮಾತಾಡಿ. ಇಲ್ಲಿನ ಪ್ರತಿ ಕಾರ್ಮಿಕರೂ ಮೂಲ ಸುರಕ್ಷತಾ ಅರಿವಿನ ತರಬೇತಿ ಪಡೆದಿರಲೇಬೇಕು. ಪ್ರಾಂತೀಯ ಸರ್ಕಾರ ಅದನ್ನು ನಾಲ್ಕು ಹಂತಗಳಲ್ಲಿ ಆನ್‌ಲೈನ್‌ನಲ್ಲಿ ಉಚಿತವಾಗಿ ಕೊಡುತ್ತದೆ, ಮುಗಿಸಿದರೆ ಪ್ರಮಾಣಪತ್ರ ಸಿಗುತ್ತದೆ. ಈ ವಾರವೇ ಮಾಡಿಬಿಡಿ. ಇಂಟರ್‌ವ್ಯೂನಲ್ಲಿ ಆ ಒಂದು ಮಾತು ಬಂದರೂ 'ಇಲ್ಲಿನ ರೀತಿ ಕಲಿಯಲು ಇವರು ಕಾಯುತ್ತಾ ಕೂತಿಲ್ಲ' ಎಂಬುದು ತಾನಾಗಿ ತಿಳಿಯುತ್ತದೆ.

ಈಗ ನಿಮ್ಮ ದೊಡ್ಡ ಭಯ, 'ಕೆನಡಿಯನ್ ಎಕ್ಸ್‌ಪೀರಿಯನ್ಸ್'. ಇದು ಅನೇಕರ ಬದುಕನ್ನು ಕೆಡಿಸಿದ ಬೇಡಿಕೆ, ಅದರ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಹಾಗೆ ಕಟ್ಟುನಿಟ್ಟಾಗಿ ಕೇಳುವುದು ಮೇಲ್ನೋಟಕ್ಕೇ ತಾರತಮ್ಯ ಎಂದು ಒಂಟಾರಿಯೋ ಮಾನವ ಹಕ್ಕುಗಳ ಆಯೋಗ 2013ರಲ್ಲೇ ಹೇಳಿತು. ಎಂಜಿನಿಯರ್ ಲೈಸೆನ್ಸ್ ಕೊಡುವ ಪ್ರಾಂತೀಯ ಸಂಸ್ಥೆ 2023ರಲ್ಲಿ ಒಂದು ವರ್ಷದ ಕೆನಡಾ ಅನುಭವದ ಷರತ್ತನ್ನು ಕೈಬಿಟ್ಟಿತು. 2026ರ ಜನವರಿ 1ರಿಂದ 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಸಾರ್ವಜನಿಕ ಜಾಹೀರಾತಿನಲ್ಲಾಗಲಿ ಅದರ ಅರ್ಜಿಯಲ್ಲಾಗಲಿ ಈ ಷರತ್ತು ಹಾಕುವಂತಿಲ್ಲ. ಹಾಗಿದ್ದೂ ಮಾತಿನ ನಡುವೆ ಯಾರಾದರೂ ಆ ವಿಷಯ ಎತ್ತಿದರೆ ಕಾನೂನು ಬಿಚ್ಚಿಡಬೇಡಿ. ಆ ಕೆಲಸದಲ್ಲಿ ನಿಮಗೆ ನಿಜಕ್ಕೂ ಹೊಸದಾದದ್ದು ಯಾವುದು ಎಂದು ನೀವೇ ಹೆಸರಿಸಿ: ಯಾವ ಸ್ಟ್ಯಾಂಡರ್ಡ್, ಯಾವ ಸಾಫ್ಟ್‌ವೇರ್, ಅದನ್ನು ಎಲ್ಲಿಯವರೆಗೆ ಓದಿಕೊಂಡಿದ್ದೀರಿ. ಉಳಿದದ್ದೆಲ್ಲ ನೀವು ಎಂಟು ವರ್ಷ ಮಾಡಿದ ಕೆಲಸವೇ ಎಂದು ಒಂದು ಪ್ರಸಂಗದಿಂದ ತೋರಿಸಿ. ಅಂದಹಾಗೆ, ಇಲ್ಲಿ ಲೈಸೆನ್ಸ್ ಇಲ್ಲದೆ ಪ್ರೊಫೆಷನಲ್ ಎಂಜಿನಿಯರ್ ಎಂದು ಹೇಳಿಕೊಳ್ಳುವಂತಿಲ್ಲ. ಪರಿಚಯ ಹೇಳುವಾಗ ಎಚ್ಚರ.

ಕೆನಡಾದಲ್ಲಿ ಕಾನೂನುಬದ್ಧವಾಗಿ ಕೆಲಸ ಮಾಡುವ ಅರ್ಹತೆ ಇದೆಯೇ ಎಂದು ಕೇಳಬಹುದು. ಇದೆ ಎಂದು ಹೇಳಿ. ಊರು ಯಾವುದು, ಧರ್ಮ ಯಾವುದು, ಮದುವೆಯಾಗಿದೆಯೇ, ಮಕ್ಕಳಿದ್ದಾರೆಯೇ, ವಯಸ್ಸೆಷ್ಟು ಎಂಬುವು ಕೇಳಬಾರದ ಪ್ರಶ್ನೆಗಳು. ಸ್ನೇಹದಿಂದಲೇ ಯಾರಾದರೂ ಕೇಳಿದರೆ 'ಈ ಕೆಲಸದ ವೇಳೆಗೆ ನನಗೆ ಯಾವ ಅಡ್ಡಿಯೂ ಇಲ್ಲ' ಎಂದು ಕೆಲಸದ ಕಡೆಗೇ ತಿರುಗಿಸಿ. ನಿಮ್ಮ ಸಿನ್ (ಸೋಷಿಯಲ್ ಇನ್ಶೂರೆನ್ಸ್) ನಂಬರ್ ಕೊಡಬೇಕಾದ್ದು ಕೆಲಸಕ್ಕೆ ತೆಗೆದುಕೊಂಡ ಮೇಲೆ. ಬರೀ ಚಾಟ್‌ನಲ್ಲಿ ಇಂಟರ್‌ವ್ಯೂ ಮುಗಿಸಿ ಸಿನ್, ಬ್ಯಾಂಕ್ ವಿವರ ಅಥವಾ ತರಬೇತಿಯ ಹಣ ಕೇಳುವವರು ಮೋಸಗಾರರು. ಹೊಸಬರನ್ನೇ ಹುಡುಕಿಕೊಂಡು ಬರುತ್ತಾರೆ, ದಯವಿಟ್ಟು ಜೋಪಾನ.

ಸಂಬಳದ ವಿಷಯ ಈಗ ಮೊದಲಿಗಿಂತ ಸುಲಭ. 2026ರ ಅದೇ ಹೊಸ ನಿಯಮದಂತೆ 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳ ಸಾರ್ವಜನಿಕ ಜಾಹೀರಾತಿನಲ್ಲಿ ಸಂಬಳ ಅಥವಾ ಅದರ ವ್ಯಾಪ್ತಿ ಇರಲೇಬೇಕು. ವರ್ಷಕ್ಕೆ 2,00,000 ಡಾಲರ್ ಮೀರಿದ ಹುದ್ದೆಗಳನ್ನು ಬಿಟ್ಟರೆ ಆ ವ್ಯಾಪ್ತಿಯ ಎರಡು ತುದಿಗಳ ಅಂತರ 50,000 ಡಾಲರ್ ದಾಟುವಂತಿಲ್ಲ. ಫೆಡರಲ್ ಸರ್ಕಾರದ ಜಾಬ್ ಬ್ಯಾಂಕ್ ಜಾಲತಾಣದಲ್ಲಿ ನಿಮ್ಮ ವೃತ್ತಿಗೆ ನಿಮ್ಮ ಪ್ರದೇಶದಲ್ಲಿ ಸಿಗುವ ಕನಿಷ್ಠ, ಮಧ್ಯಮ, ಗರಿಷ್ಠ ವೇತನ ನೋಡಿಕೊಳ್ಳಿ. ಹಳೆಯ ಸಂಬಳವನ್ನು ಡಾಲರ್‌ಗೆ ಪರಿವರ್ತಿಸಿ ಅದರ ಮೇಲೆ ಸ್ವಲ್ಪ ಸೇರಿಸಿ ಕೇಳುವುದು ಬೇಡ. ನಿಮ್ಮ ಬೆಲೆಯನ್ನು ನೀವೇ ಇಳಿಸಿದಂತೆ. ಕೇಳಿದರೆ ಒಂದು ವ್ಯಾಪ್ತಿ ಹೇಳಿ ಸುಮ್ಮನಾಗಿ.

ಉಚ್ಚಾರಕ್ಕೆ ಹೆದರಬೇಡಿ, ಬದಲಿಸಲೂ ಹೋಗಬೇಡಿ. ತೊಡಕಾಗುವುದು ವೇಗ. ನಿಧಾನವಾಗಿ ಹೇಳಿ, ವಾಕ್ಯ ಮುಗಿದ ಮೇಲೆ ಉಸಿರು ತೆಗೆದುಕೊಳ್ಳಿ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎಂದರೆ ಯಾರೂ ಅಂಕ ಕಳೆಯುವುದಿಲ್ಲ, ಅರ್ಧಂಬರ್ಧ ತಿಳಿದು ಬೇರೇನೋ ಉತ್ತರಿಸಿದರೆ ಅಂಕ ಹೋಗುತ್ತದೆ.

ಕೊನೆಗೆ 'ನಿಮಗೇನಾದರೂ ಕೇಳುವುದಿದೆಯೇ' ಎನ್ನುತ್ತಾರೆ. ಮೊದಲ ಮೂರು ತಿಂಗಳಲ್ಲಿ ಈ ಹುದ್ದೆಯವರಿಂದ ಏನಾಗಬೇಕು, ಈಗ ಆ ವಿಭಾಗವನ್ನು ಹೆಚ್ಚು ಕಾಡುತ್ತಿರುವುದು ಯಾವುದು ಎಂದು ಕೇಳಿ. ಮರುದಿನದೊಳಗೆ ಎರಡು ಸಾಲಿನ ಧನ್ಯವಾದದ ಇಮೇಲ್ ಸಾಕು. ನಿಮ್ಮ ಹಳೆಯ ಮೇಲಧಿಕಾರಿಗಳಲ್ಲಿ ಇಬ್ಬರಿಗೆ ಇವತ್ತೇ ಹೇಳಿಡಿ, ರೆಫರೆನ್ಸ್‌ಗಾಗಿ ಇಲ್ಲಿಂದ ಇಮೇಲ್ ಅಥವಾ ಕರೆ ಬರಬಹುದು ಎಂದು. ಯಾವ ಕೆಲಸ, ನೀವು ಯಾವ ಪ್ರಸಂಗಗಳನ್ನು ಹೇಳಲಿದ್ದೀರಿ ಎಂಬುದನ್ನೂ ತಿಳಿಸಿ. ಕೊನೆಯ ಇಂಟರ್‌ವ್ಯೂ ಆದ 45 ದಿನಗಳೊಳಗೆ ಆಯ್ಕೆಯ ನಿರ್ಧಾರ ಆಗಿದೆಯೋ ಇಲ್ಲವೋ ಎಂದು 25ಕ್ಕಿಂತ ಕಡಿಮೆಯಲ್ಲದ ನೌಕರರಿರುವ ಸಂಸ್ಥೆ ನಿಮಗೆ ತಿಳಿಸಲೇಬೇಕು. ಅಲ್ಲಿಯವರೆಗೆ ಬೇರೆ ಅರ್ಜಿಗಳನ್ನು ನಿಲ್ಲಿಸಬೇಡಿ. ಪ್ರಸಂಗಗಳ ಪಟ್ಟಿ ಸಿದ್ಧವಾದಾಗ ನನಗೆ ಕಳಿಸಿ. ಭಾನುವಾರ ಫೋನಿನಲ್ಲಿ ಕೂತು ಒಂದೊಂದಾಗಿ ಕೇಳುತ್ತೇನೆ.