ಹೆಸರು ಹೇಳದೆ ಒಳ್ಳೆಯದು ಮಾಡುವವರೂ ಒಳಗೊಳಗೆ ಸ್ವಾರ್ಥಿಗಳೇನಾ?

"ಕೊಟ್ಟವರಿಗೂ ಖುಷಿ ಸಿಗುತ್ತಲ್ಲ, ಹಾಗಾದರೆ ಅದೂ ಸ್ವಾರ್ಥವೇ" ಅನ್ನೋ ವಾದದಲ್ಲಿ ಒಂದು ಎಡವಟ್ಟಿದೆ. ಖುಷಿ ಸಿಗುವುದು ಬೇರೆ, ಖುಷಿಗಾಗಿಯೇ ಮಾಡುವುದು ಬೇರೆ. ನಡೆದರೆ ಚಪ್ಪಲಿ ಸವೆಯುತ್ತದೆ. ಸವೆಸಲೆಂದೇ ಯಾರೂ ನಡೆಯುವುದಿಲ್ಲ.

ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಬ್ಯಾಟ್ಸನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಯುವತಿಯೊಬ್ಬಳಿಗೆ ಕರೆಂಟ್ ಶಾಕ್ ಕೊಡುವುದನ್ನು (ಅದು ನಟನೆ, ನೋಡುಗರಿಗೆ ಗೊತ್ತಿರಲಿಲ್ಲ) ಭಾಗವಹಿಸಿದವರು ಪರದೆಯಲ್ಲಿ ನೋಡಬೇಕಿತ್ತು. ಒಟ್ಟು 10 ಸುತ್ತು. ಕೆಲವರಿಗೆ 2 ಸುತ್ತಿನ ನಂತರ ಎದ್ದುಹೋಗುವ ಅವಕಾಶ. ತಮ್ಮ ಸಂಕಟ ತಪ್ಪಿಸಿಕೊಳ್ಳುವುದಷ್ಟೇ ಗುರಿಯಾಗಿದ್ದರೆ ಬಾಗಿಲು ತೆರೆದೇ ಇತ್ತು. ಈ ಅವಕಾಶವಿದ್ದವರ ಪೈಕಿ, ಅವಳು ತಮ್ಮಂಥವಳಲ್ಲ ಎಂದುಕೊಂಡವರಲ್ಲಿ ಹೆಚ್ಚಿನವರು ಹೊರಟೇಬಿಟ್ಟರು. ತಮ್ಮಂಥವಳೇ ಎಂದು ಮರುಗಿದವರಲ್ಲಿ ಹೆಚ್ಚಿನವರು ಅವಳ ಬದಲು ಉಳಿದ ಶಾಕ್ ತಾವು ತಗೊಳ್ಳಲು ಒಪ್ಪಿದರು. (ಮರುಕಕ್ಕೂ ಪಕ್ಷಪಾತವಿದೆ ಅನ್ನೋದು ಇಲ್ಲೇ ಬಯಲಾಯಿತು!)

ಹಾಗಂತ ಎಲ್ಲ ದಾನವೂ ಇಂಥದ್ದಲ್ಲ. ಕೊಡುವ ಸುಖಕ್ಕಾಗಿಯೇ ಕೊಡುವವರೂ ಇದ್ದಾರೆಂದು ಅರ್ಥಶಾಸ್ತ್ರಜ್ಞ ಜೇಮ್ಸ್ ಆಂಡ್ರಿಯೋನಿ 1990ರಲ್ಲಿ ವಾದಿಸಿದರು. ಹೆಸರು ಮುಚ್ಚಿಟ್ಟರೂ ಈ ಸುಖ ಹೋಗದು: ಊರಿಗೆ ಗೊತ್ತಾಗದಿದ್ದರೂ ತನಗೆ ಗೊತ್ತಿರುತ್ತದಲ್ಲ. ನಿಮ್ಮದು ಯಾವ ಬಗೆ ಎಂದು ಪತ್ತೆಹಚ್ಚಲು ಒಂದು ಪ್ರಶ್ನೆ ಸಾಕು: ನೀವು ಮಾಡಬೇಕೆಂದಿದ್ದ ಸಹಾಯವನ್ನು ಬೇರೆಯವರು ಮೊದಲೇ ಮಾಡಿ ಮುಗಿಸಿದರೆ ನಿಮಗೆ ನಿರಾಳವೋ, ಕಸಿವಿಸಿಯೋ?